ಮಾವನವರ ಪದಗಳೂ ಹೊಸ ವಿಂಡೋಸೂ

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿಂದ ಬಿಸಿಲಲ್ಲಿ ತಿರುಗಿ ಬಂದು ಇನ್ನೊಮ್ಮೆ ಜಗ್ಗಿ ನೋಡುವವರು ಕಡಿಮೆ. ನಾನು ಆ ಕಡಿಮೆ ಜನರ ಪೈಕಿ. ಅಫಜಲಪುರದ ನಮ್ಮ ಓಣಿಯಲ್ಲಿ ನಾನು ಹೀಗೆ ಅರ್ಧ ದಾರಿಯಿಂದ ವಾಪಸು ಬರುವುದನ್ನು ಕಂಡರೆ ಯಾರೂ ಏನೂ ಕೇಳುವುದಿಲ್ಲ. ಗ್ಯಾಸೋ ಬೀಗವೋ ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳುತ್ತಾರೆ. ಕಾಲೇಜಿನಲ್ಲಿ ಗಣಿತ ಕಲಿಸುವವಳು ನಾನು. ಉತ್ತರ ಬಂದ ಮೇಲೂ ತಾಳೆ ನೋಡಿರಿ ಎಂದು ಮಕ್ಕಳಿಗೆ ಹೇಳಿ ಹೇಳಿ ಆ ರೋಗ ನನಗೇ ಅಂಟಿರಬೇಕು. ನಮ್ಮ ಮನೆಯವರು ದನದ ಡಾಕ್ಟರು. ಅವರ ರೋಗನಿದಾನ ಬೇರೆ: "ನೀ ಆಕಳ ಜಾತಿ ಸುಮಿತ್ರಾ. ನುಂಗಿದ್ದನ್ನ ಮತ್ತ ಬಾಯಿಗೆ ತಂದು ಅಗೀಲಿಲ್ಲಂದ್ರ ನಿನಗ ಜೀರ್ಣ ಆಗೂದಿಲ್ಲ."

ಇಂಥವಳ ಮನೆಗೆ ಕಂಪ್ಯೂಟರು ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಊರಿನಲ್ಲಿ ಆಗ ಕಂಪ್ಯೂಟರು ಎಂದರೆ ಬ್ಯಾಂಕಿನ ಗಾಜಿನ ಕೋಣೆಯೊಳಗೆ ಚಪ್ಪಲಿ ಬಿಟ್ಟು ನೋಡುವ ವಸ್ತು. ನಮ್ಮಲ್ಲೂ ಅದಕ್ಕೆ ಅದೇ ಮರ್ಯಾದೆ. ಧೂಳು ಕಡಿಮೆ ಬರುವ ಒಳಕೋಣೆಯಲ್ಲಿ ಮೇಜು ಹಾಕಿ, ನನ್ನದೊಂದು ಹಳೆ ಸೀರೆಯಿಂದ ಮುಸುಕು ಹೊಲಿದು, ಎರಡು ತುದಿಗೂ ಲಾಡಿ ಕಟ್ಟಿದ್ದೆ. ಪ್ರಶ್ನೆಪತ್ರಿಕೆ ಮಾಡಿಕೊಳ್ಳಲೆಂದು ತಂದದ್ದು. ಆದರೆ ಅದು ಮುಖ್ಯವಾಗಿ ದುಡಿದದ್ದು ನನ್ನ ಮಾವನವರಿಗಾಗಿ.

ಮಾವನವರು ಓದಿದ್ದು ಉರ್ದು ಶಾಲೆಯಲ್ಲಿ. ತಹಸೀಲ ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದಪತ್ರ ಮಂಡಿಸುವ ಪೇಶ್ಕಾರರಾಗಿ ದುಡಿದು ನಿವೃತ್ತರಾದವರು. ನಿಜಾಮರ ಕಾಲದ ಹೊಲಮನೆಯ ಕಾಗದಗಳನ್ನು ಓದಬಲ್ಲವರು ನಮ್ಮ ಕಡೆ ಒಬ್ಬೊಬ್ಬರೇ ಇಲ್ಲವಾಗುತ್ತಿದ್ದ ಕಾಲವದು. ಮಣ್ಣೂರಿನಿಂದ, ಹೊಳೆದಂಡೆಯ ಇತರ ಹಳ್ಳಿಗಳಿಂದ ರೈತರು ಮಾಸಿದ ಕಾಗದದ ಸುರುಳಿ ಹಿಡಿದುಕೊಂಡು ಬರುತ್ತಿದ್ದರು. ಮಾವನವರು ಪಡಸಾಲೆಯಲ್ಲಿ ಕುಳಿತು, ಭೂತಗನ್ನಡಿ ಹಿಡಿದು ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದರು. ಆಮೇಲೆ ಅವರ ಕಣ್ಣಿಗೆ ಕಾಚಬಿಂದು ಬಂತು. ಭೂತಗನ್ನಡಿಯೂ ಸೋತಿತು. ಬೆಳಕು, ಬಣ್ಣ, ಎದುರಿಗೆ ನಿಂತವರ ಆಕಾರ, ಅಷ್ಟೇ ಉಳಿಯಿತು. ರೈತರು ಬರುವುದನ್ನು ಬಿಡಲಿಲ್ಲ. ಅವರು ಕಾಗದ ಬಿಚ್ಚುವ ಸದ್ದು ಕೇಳಿದಾಗ ಮಾವನವರು ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ಒಂದು ಸಂಜೆ ಒಳಕೋಣೆಯ ಬಾಗಿಲಿಗೆ ಬಂದು ನಿಂತು, "ಸುಮಿತ್ರಾ, ನಿನ್ನ ಆ ಮಷೀನು ಕನ್ನಡ ಬರೀತದೇನು?" ಎಂದು ಕೇಳಿದರು.

"ಬರೀತದ್ರಿ ಮಾವಾರ."

"ಹಂಗಾದ್ರ ಬರಕೋ. ಕಚೇರಿ ಮಾತು ನನ್ನ ಸಂಗಾಟ ಹೋಗಬಾರದು."

ಅವತ್ತಿನಿಂದ ಕಾಲೇಜು ಬಿಟ್ಟು ಬಂದು ಚಹಾ ಕುಡಿದ ಮೇಲೆ ನಮ್ಮಿಬ್ಬರ ಕಚೇರಿ ಶುರುವಾಗುತ್ತಿತ್ತು. ಅವರು ಕಣ್ಣು ಮುಚ್ಚಿ ಕುಳಿತು ಒಂದು ಪದ ಹೇಳುವರು, ಅದರ ಹುಟ್ಟು ಹೇಳುವರು, ಕಚೇರಿಯಲ್ಲಿ ಅದನ್ನು ಹೇಗೆ ಬಳಸಿದರು, ಹೊಲದಲ್ಲಿ ಜನ ಹೇಗೆ ಬಳಸಿದರು ಎಂದು ಹೇಳುವರು. ನಾನು ಟೈಪು ಮಾಡುವೆ. ಈ ಕೆಲಸದಲ್ಲಿ ನನಗೆ ಎಂಥೆಂಥ ಸುಖ ಸಿಕ್ಕಿತು! 'ತಕರಾರು' ಎಂಬುದು ಮೂಲದಲ್ಲಿ ಜಗಳವಲ್ಲವಂತೆ, ಹೇಳಿದ್ದನ್ನೇ ಮತ್ತೆ ಹೇಳುವುದಂತೆ. ನಮ್ಮ ಮನೆಯವರಿಗೆ ಇದನ್ನು ತಿಳಿಸಿದೆ. ಸಂಸಾರ ಮಾಡಿದವರಿಗೆ ಇದು ಹೊಸ ಸಂಗತಿಯಲ್ಲ ಎಂದರು. 'ಅಮಾನತ್ತು' ಎಂದರೆ ಈಗ ನೌಕರಿಯಿಂದ ತಾತ್ಕಾಲಿಕವಾಗಿ ದೂರ ಇಡುವುದು. ಮೂಲದಲ್ಲಿ ಮಾತ್ರ ನಂಬಿ ಒಬ್ಬರ ಕೈಯಲ್ಲಿ ಇರಿಸಿದ ಒಡವೆ. ಅದನ್ನು ಟೈಪು ಮಾಡಿದ ಸಂಜೆ ನನ್ನ ಬೆರಳು ಸ್ವಲ್ಪ ತಡೆದವು. ಎದುರಿನ ಪೆಟ್ಟಿಗೆಯಲ್ಲಿ ಕೂಡಿಬೀಳುತ್ತಿದ್ದದ್ದೂ ಅಂಥದೇ ಒಡವೆ. ಕಾಗದದ ಮೇಲೆ ಅದರ ಒಂದು ಸಾಲೂ ಇರಲಿಲ್ಲ. ನಮ್ಮಲ್ಲಿ ಆಗ ಪ್ರಿಂಟರೇ ಇರಲಿಲ್ಲ.

ಅಕಾರದಿಂದ ಹಿಡಿದು ಹಕಾರದವರೆಗೆ ಬರುವಷ್ಟರಲ್ಲಿ ವರ್ಷ ಕಳೆಯಿತು. ಗುಲ್ಬರ್ಗಾದ ಒಂದು ಛಾಪಖಾನೆಯವರು ಪುಸ್ತಕ ಮಾಡಿಕೊಡಲು ಒಪ್ಪಿದರು. ಆದರೆ ಮಾಲೀಕರು ನಮ್ಮ ಫ್ಲಾಪಿಯನ್ನು ತಿರುವಿ ನೋಡಿ ತಲೆಯಾಡಿಸಿದರು. ನಮ್ಮದು ಕರಿ ಪರದೆಯ ಮೇಲೆ ಅಕ್ಷರ ಹೊಡೆದು ನಡೆಸುವ ಹಳೆಯ ಡಾಸ್ ವ್ಯವಸ್ಥೆ. ಅದಕ್ಕೆ ಕನ್ನಡ ಬರಬೇಕಾದರೆ ಪೆಟ್ಟಿಗೆಯೊಳಗೆ ಒಂದು ಬೇರೆ ಕಾರ್ಡು ಕೂಡಿಸಬೇಕು. ಅವರ ಯಂತ್ರಗಳೆಲ್ಲ ಆಗಲೇ ವಿಂಡೋಸಿಗೆ ಹೋಗಿದ್ದವು.

"ವಿಂಡೋಸಿನಾಗ ಮಾಡ್ಕೊಂಡು ತರ್ರಿ ಮೇಡಮ್. ಇಲ್ಲಂದ್ರ ನಾವು ಮೊದಲಿಂದ ಟೈಪ್ ಮಾಡಬೇಕಾಗ್ತದ. ಮುಂದಿನ ವರ್ಷದ ಮಾತು ಅದು" ಎಂದರು.

ಮನೆಗೆ ಬಂದು ಮಾವನವರಿಗೆ ಹೇಳಿದೆ. ಮುಂದಿನ ವರ್ಷ ಎಂದಾಗ ಅವರ ಕೈ ಊರುಗೋಲಿನ ಮೇಲೆ ಒಮ್ಮೆ ಸರಿದಾಡಿತು. "ಪುಸ್ತಕದ ಹೊದಿಕಿ ಬಣ್ಣಾರ ನನ್ನ ಕಣ್ಣಿಗೆ ಕಾಣೂದ್ರಾಗ ಬಂದ್ರ ಛಲೋ ಇತ್ತು" ಎಂದರು. ಮತ್ತೆ ಕೇಳಿದರು, "ವಿಂಡೋಸ್ ಅಂದ್ರೇನು?"

"ಖಿಡಕಿರಿ ಮಾವಾರ."

"ಮನಿ ಕಟ್ಟೂ ಮುಂದ ಖಿಡಕಿ ಇಡಬೇಕವ್ವಾ. ಕಟ್ಟಿದ ಮ್ಯಾಲ ಗ್ವಾಡಿ ಒಡದು ಇಡೂದಾದ್ರ ಮಾಳಗಿ ಹುಷಾರು."

ಆ ಮಾಳಿಗೆಯ ಮಾತು ನನ್ನ ಹೊಟ್ಟೆಯಲ್ಲಿ ಹೋಗಿ ಕುಳಿತಿತು. ಆಳಂದದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ ರೇವಣಸಿದ್ಧ ಎಂಬ ಯುವಕ ನಮ್ಮ ಮನೆಯವರಿಗೆ ಪರಿಚಯ. ಅವರ ಮನೆಯ ಎಮ್ಮೆಯನ್ನು ಇವರು ಒಮ್ಮೆ ಬದುಕಿಸಿದ್ದರು. ಹೊಸ ವ್ಯವಸ್ಥೆ ಹಾಕಿಕೊಡಲು ಅವನನ್ನೇ ಕೇಳಿದೆವು. ಹುರುಪಿನ ಮನುಷ್ಯ. ಫೋನಿನಲ್ಲೇ ಸಿಳ್ಳೆ ಹೊಡೆದಂತೆ ಮಾತಾಡಿದ: "ಏನೂ ಆಗೂದಿಲ್ರಿ ಅಕ್ಕಾರ! ಹಳೇದರ ಮ್ಯಾಲ ಹೊಸಾದು ಹಾಕಿಬಿಡೂದು. ಅದರ ಪಾಡಿಗೆ ಅದು ಮಾಡ್ಕೋತದ."

ತನ್ನ ಪಾಡಿಗೆ ತಾನು ಮಾಡಿಕೊಳ್ಳುವ ಯಾವುದರ ಮೇಲೂ ನನಗೆ ನಂಬಿಕೆಯಿಲ್ಲ. ಹಾಲೂ ತನ್ನ ಪಾಡಿಗೆ ತಾನೇ ಉಕ್ಕುತ್ತದೆ. ಹಾಗಾಗಿ ಮೊದಲು ಮಾವನವರ ಪದಗಳನ್ನೆಲ್ಲ ಫ್ಲಾಪಿಗಳಿಗೆ ನಕಲು ಮಾಡಿದೆ. ಒಂದೊಂದನ್ನೂ ತೆರೆದು ನೋಡಿದೆ. ಎಲ್ಲ ಸರಿಯಾಗಿದ್ದವು. ಆಮೇಲೆ ಇನ್ನೊಂದು ಜೊತೆ ಮಾಡಿ, ಅದನ್ನೂ ತೆರೆದು ನೋಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸ್ಟೀಲಿನ ಡಬ್ಬಿಗೆ ಹಾಕಿದೆ. ಮೊದಲ ಜೊತೆ ನಮ್ಮ ಕಪಾಟಿನಲ್ಲಿ ಉಳಿಯಿತು. ಡಬ್ಬಿಯನ್ನು ಜೇವರ್ಗಿಯಲ್ಲಿದ್ದ ನನ್ನ ಅಕ್ಕ ಸರೋಜಾಳಿಗೆ, ಅವಳು ನಮ್ಮಲ್ಲಿಗೆ ಬಂದಾಗ ಕೊಟ್ಟು ಕಳಿಸಿದೆ. ನಮ್ಮ ಮನೆಯವರು ಬಹಳ ನಕ್ಕರು. "ಈಕಿ ಉಪ್ಪಿನಕಾಯಿ ಹಾಕಿದ್ರೂ ಒಂದು ಬರಣಿ ಜೇವರ್ಗಿಗೆ ಕಳಿಸ್ತಾಳ."

ವಿದ್ಯುತ್ ಕಚೇರಿಗೆ ಹೋಗಿ ಕೇಳಿದೆ. ಭಾನುವಾರ ಮಧ್ಯಾಹ್ನದವರೆಗೆ ಕರೆಂಟು ತೆಗೆಯುವುದಿಲ್ಲ ಎಂದರು. ಕರೆಂಟು ಹೋದರೂ ಸ್ವಲ್ಪ ಹೊತ್ತು ಯಂತ್ರವನ್ನು ಉಳಿಸುವ ಬ್ಯಾಟರಿ ಪೆಟ್ಟಿಗೆಯೊಂದು ನಮ್ಮಲ್ಲಿತ್ತು. ಇಷ್ಟೆಲ್ಲ ಆದ ಮೇಲೆ ಇನ್ನು ಯಾವ ಬೀಗ ಉಳಿಯಿತು ಎಂದು ನಾನು ಹುಡುಕುತ್ತಲೇ ಇದ್ದೆ.

ಭಾನುವಾರ ಬೆಳಿಗ್ಗೆ ರೇವಣಸಿದ್ಧ ಬಂದ. ಸಿ.ಡಿ. ಓಡಿಸುವ ಹೊಸ ಭಾಗವನ್ನೂ ಎರಡು ಸಣ್ಣ ಸ್ಪೀಕರುಗಳನ್ನೂ ತಂದಿದ್ದ. ಪೆಟ್ಟಿಗೆ ಬಿಚ್ಚಿ, ಕೂಡಿಸಿ, ಮುಚ್ಚಿದ. ಯಂತ್ರ ತನ್ನಷ್ಟಕ್ಕೆ ಗುರುಗುಡತೊಡಗಿತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಿತ್ತು. ಅದು ಮುಂದೆ ಹೋದಂತೆ ನನಗೆ ಉಸಿರು ಬರುವುದು, ನಿಂತಂತೆ ಕಂಡರೆ ಉಸಿರು ನಿಲ್ಲುವುದು. ಮಾವನವರು ಪಡಸಾಲೆಯಿಂದಲೇ ಆಗಾಗ "ಎಲ್ಲೀತನಾ ಬಂತು?" ಎನ್ನುತ್ತಿದ್ದರು. ರೇವಣಸಿದ್ಧ "ಅರ್ಧ ಮುಗೀತ್ರಿ ಅಜ್ಜಾರ" ಎಂದು ಕೂಗಿ, ಚಹಾದ ಬಟ್ಟಲು ಎತ್ತಿಕೊಂಡ.

ಮೇಲೆ ತಿರುಗುತ್ತಿದ್ದ ಫ್ಯಾನು ಆಗಲೇ ಮೆಲ್ಲಗಾಯಿತು.

ನಾನು, ರೇವಣಸಿದ್ಧ, ನಮ್ಮ ಮನೆಯವರು, ಮೂವರೂ ಅದನ್ನೇ ನೋಡಿದೆವು. ರೆಕ್ಕೆಗಳು ಒಂದೊಂದಾಗಿ ಎಣಿಸಬಹುದಾದಷ್ಟು ನಿಧಾನವಾಗಿ, ನಿಂತುಬಿಟ್ಟವು. ಬ್ಯಾಟರಿ ಪೆಟ್ಟಿಗೆ ಕೀ ಕೀ ಎಂದು ಕೂಗತೊಡಗಿತು. "ಇದು ಎಷ್ಟು ಹೊತ್ತು ತಡೀತದ?" ಎಂದೆ. "ಸಾಕಷ್ಟು ತಡೀತದ್ರಿ" ಎಂದು ರೇವಣಸಿದ್ಧ ಹೇಳಿದನೇನೋ ಸರಿ, ಬಟ್ಟಲನ್ನು ಮಾತ್ರ ಕೆಳಗಿಟ್ಟ. ನೀಲಿ ಪಟ್ಟಿ ಅವಸರವೇ ಇಲ್ಲದೆ ತೆವಳುತ್ತಿತ್ತು. ಪೆಟ್ಟಿಗೆಯ ಕೂಗು ಒತ್ತೊತ್ತಾಯಿತು, ಆಮೇಲೆ ಎಳೆದಂತಾಯಿತು. ನಮ್ಮ ಮನೆಯವರು, ಯಾಕೆಂದು ದೇವರಿಗೇ ಗೊತ್ತು, ಆ ಪೆಟ್ಟಿಗೆಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕುಳಿತರು. ಕರು ಹಾಕುವ ಆಕಳ ಬಳಿ ಹಾಗೆಯೇ ಕೂರುತ್ತಾರೆ. ಪರದೆ ಸಣ್ಣ ಚುಕ್ಕೆಯಾಗಿ ಆರಿಹೋಯಿತು.

ಕರೆಂಟು ಬಂದದ್ದು ಊಟದ ಹೊತ್ತು ಮೀರಿದ ಮೇಲೆ. ಯಂತ್ರ ಹಚ್ಚಿದರೆ ಕರಿ ಪರದೆಯ ಮೇಲೆ ಒಂದೇ ಸಾಲು ಬಂತು: ನಡೆಸುವ ವ್ಯವಸ್ಥೆ ಯಾವುದೂ ಸಿಗುತ್ತಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ರೇವಣಸಿದ್ಧ ಏನೇನೋ ಆಜ್ಞೆ ಹೊಡೆದು ನೋಡಿದ. ಅವನ ಅಂಗಿಯ ಬೆನ್ನು ಒದ್ದೆಯಾಯಿತು. "ಒಳಗಿನ ಡಿಸ್ಕಽ ಕಾಣವಲ್ತು ಅಕ್ಕಾರ" ಎಂದ. ಇರಲಿ, ನಕಲು ಇದೆಯಲ್ಲ ಎಂದು ನಾನು ಕಪಾಟಿನಿಂದ ಫ್ಲಾಪಿ ತಂದೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಒಳಗೊಳಗೇ ಒಂದು ಜಂಬ ಬಂದಿತ್ತು. ಹಳೆಯ ಡಾಸಿನ ಫ್ಲಾಪಿಯೊಂದರಿಂದ ಯಂತ್ರವನ್ನು ಹೇಗೋ ಎಬ್ಬಿಸಿ, ಅವನು ನನ್ನ ಮೊದಲ ಫ್ಲಾಪಿ ತೂರಿಸಿದ. ಕರ್ರ್ ಎಂದಿತು. ಓದಲಿಲ್ಲ. ಎರಡನೆಯದು, ಅದೂ ಓದಲಿಲ್ಲ. ಉಳಿದವೂ ಹಾಗೆಯೇ.

"ನಾನು ಎಲ್ಲಾ ತೆರೆದು ನೋಡೇನಿ" ಎಂದೆ.

"ಇವನ್ನ ಎಲ್ಲಿ ಇಟ್ಟಿದ್ರಿ ಅಕ್ಕಾರ?"

"ಕಪಾಟಿನ್ಯಾಗ. ಮ್ಯಾಲಿನ ಹಲಗಿ ಮ್ಯಾಲ."

ನಮ್ಮ ಮನೆಯವರು ಎದ್ದರು. ಕಪಾಟಿನ ಬಳಿ ಹೋಗಿ, ಅದೇ ಹಲಗೆಯಿಂದ ತಮ್ಮ ಔಷಧದ ಚೀಲ ಇಳಿಸಿದರು. ಒಳಗಿನಿಂದ ಬೆರಳುದ್ದದ ಒಂದು ದಪ್ಪ ಅಯಸ್ಕಾಂತ ತೆಗೆದರು. ಅದಕ್ಕೊಂದು ಕತ್ತರಿ ಕಚ್ಚಿಕೊಂಡಿತ್ತು. ಮೊಳೆ, ತಂತಿ ನುಂಗಿದ ದನದ ಹೊಟ್ಟೆಗೆ ಇಳಿಸಲು ಅವರು ಇಟ್ಟುಕೊಂಡದ್ದು. ಲೋಹವನ್ನು ಹಿಡಿಯುವ ಆ ವಸ್ತುವಿಗೆ ಫ್ಲಾಪಿಯ ಮೇಲಿನ ಬರಹವನ್ನು ಅಳಿಸುವುದೂ ಗೊತ್ತು.

"ಚೀಲ ಫ್ಲಾಪಿ ಮ್ಯಾಲಽ ಇತ್ತು. ನಾನಽ ಇಟ್ಟೇನಿ" ಎಂದರು. ಅವರನ್ನು ಬೈಯಬೇಕೆಂದು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ.

ಪಡಸಾಲೆಯಲ್ಲಿ ಊರುಗೋಲು ನೆಲಕ್ಕೆ ತಾಗಿತು. "ಯಾಕ ಎಲ್ಲಾರೂ ಸುಮ್ನಾಗೀರಿ?"

ನಮ್ಮ ಮನೆಯವರು ಬೇಡ ಎಂಬಂತೆ ಕೈಸನ್ನೆ ಮಾಡಿದರು. ಜೇವರ್ಗಿಯದನ್ನು ತಂದ ಮೇಲೆ ಹೇಳಿದರಾಯಿತು ಎಂಬ ಲೆಕ್ಕ. ಆದರೆ ಕಣ್ಣು ಕಾಣದವರ ಮುಂದೆ ಒಂದು ಸುದ್ದಿಯನ್ನು ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ಹೋಗಿ ಅವರ ಎದುರು ನೆಲದ ಮೇಲೆ ಕುಳಿತು, ಆದದ್ದನ್ನೆಲ್ಲ ಆದಂತೆಯೇ ಹೇಳಿದೆ.

ಅಂಗಳದಲ್ಲಿ ಗುಬ್ಬಿಗಳ ಗಲಾಟೆ ನಡೆದಿತ್ತು. ಅವರು ಕಚೇರಿಯ ದನಿಯಲ್ಲಿ ಕೇಳಿದರು: "ಇನ್ನೊಂದು ನಕಲು ಯಾರ ಹವಾಲಿ ಅದ?"

"ಜೇವರ್ಗ್ಯಾಗ, ನಮ್ಮಕ್ಕನ ಕಡೆ."

"ನಾಳೆ ಹೋಗೂಣು. ನಾನೂ ಬರ್ತೇನಿ. ಈಗ ಆ ಮನಷ್ಯಾಗ ಊಟಕ್ಕ ಹಾಕು. ಮುಂಜಾನಿಂದ ಬರೇ ಚಹಾದ ಮ್ಯಾಲ ಅದಾನ."

ರೇವಣಸಿದ್ಧ ಎರಡು ತುತ್ತು ತಿಂದು ಎದ್ದ. ಯಂತ್ರದ ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಸಂಜೆಯ ಬಸ್ಸಿನಲ್ಲಿ ಆಳಂದಕ್ಕೆ ಹೋದ. ಅಲ್ಲಿ ಒಳಗಿನ ಡಿಸ್ಕಿಗೆ ಜೀವ ಬರುತ್ತದೋ ನೋಡುತ್ತೇನೆ ಎಂದ. ಮಾವನವರು ಎಲ್ಲರನ್ನೂ ಉಣ್ಣಿಸಿ, ತಾವು ಮಾತ್ರ ತಟ್ಟೆಯ ಮುಂದೆ ರೊಟ್ಟಿ ಮುರಿದು ಇಟ್ಟು ಕೈತೊಳೆದರು.

ಮರುದಿನ ನಾವಿಬ್ಬರೂ ಗುಲ್ಬರ್ಗಾದ ಬಸ್ಸು ಹಿಡಿದೆವು. ಅಲ್ಲಿಂದ ಜೇವರ್ಗಿಯ ಬಸ್ಸು. ಕಿಟಕಿಯ ಪಕ್ಕ ಕುಳಿತ ಮಾವನವರ ತುಟಿ ಅಲುಗುತ್ತಿತ್ತು. ಜಪವೆಂದುಕೊಂಡೆ. ಬಸ್ಸು ಒಂದು ಕಡೆ ನಿಂತು ಸದ್ದು ಅಡಗಿದಾಗ ಕೇಳಿಸಿತು. ಅವರು ಅಕಾರದಿಂದ ಹೇಳಿಕೊಳ್ಳುತ್ತಾ ಬಂದಿದ್ದರು. ಬಾಯಿಪಾಠ ಒಪ್ಪಿಸುವ ಶಾಲೆಯ ಹುಡುಗನ ಹಾಗೆ, ಪದ, ಹುಟ್ಟು, ಅರ್ಥ. ಭೀಮೆಯ ಸೇತುವೆ ಬರುವಷ್ಟರಲ್ಲಿ ಮಕಾರಕ್ಕೆ ಬಂದು ನಿಂತರು.

"ಸುಮಿತ್ರಾ, ಮುಚ್ಚಳಿಕಿ ಆದ ಮ್ಯಾಲ ಏನಿತ್ತು?"

ನಾನು ನೆನಪಿಸಿಕೊಂಡೆ. ನನ್ನ ಬೆರಳಿಂದಲೇ ಟೈಪಾದದ್ದು. ಏನೂ ಹೊಳೆಯಲಿಲ್ಲ.

"ನೆನಪು ಬರವಲ್ತ್ರಿ ಮಾವಾರ."

"ನನಗೂ ಬರವಲ್ತು." ಸೇತುವೆಯ ಕೆಳಗೆ ಹೊಳೆ ಬೇಸಿಗೆಗೆ ಬಡವಾಗಿ, ಬಂಡೆಗಳ ನಡುವೆ ಹುಡುಕಿಕೊಂಡು ಹರಿಯುತ್ತಿತ್ತು. ಅವರಿಗೆ ಅದು ಕಾಣುತ್ತಿರಲಿಲ್ಲ. "ಹೋದ ವರ್ಷ ಬರ್ತಿತ್ತು ನೋಡು" ಎಂದರು. ಆ ಮಾತಿನಲ್ಲಿ ದುಃಖಕ್ಕಿಂತ ಅಚ್ಚರಿ ಹೆಚ್ಚಾಗಿತ್ತು. ನನಗೆ ಆಗ ಮೊದಲ ಸಲ ನಿಜವಾದ ಹೆದರಿಕೆಯಾಯಿತು. ಅಲ್ಲಿಯವರೆಗೆ ನನ್ನ ಮನಸ್ಸಿನ ಮೂಲೆಯಲ್ಲಿ, ಎಲ್ಲ ಹೋದರೂ ಮಾವನವರು ಇದ್ದಾರಲ್ಲ, ಮತ್ತೊಮ್ಮೆ ಹೇಳುತ್ತಾರೆ ಎಂಬ ಧೈರ್ಯವೊಂದು ಉಳಿದಿತ್ತು.

ಅಕ್ಕನ ಮನೆ ತಲುಪಿದರೆ ಬಾಗಿಲಲ್ಲೇ ಸುಣ್ಣದ ವಾಸನೆ. ಮನೆಗೆ ಸುಣ್ಣ ಹೊಡೆಸುತ್ತಿದ್ದರು. ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ಮಂಚದ ಮೇಲೆ ಪಾತ್ರೆ, ಪಾತ್ರೆಯೊಳಗೆ ದೇವರು. ಸೆರಗಿನಿಂದ ಮೂಗು ಕಟ್ಟಿಕೊಂಡಿದ್ದ ಅಕ್ಕ ನಮ್ಮನ್ನು ನೋಡಿ ಗಾಬರಿಯಾದಳು.

"ಡಬ್ಬಿ ಎಲ್ಲಿ ಅದ ಅಕ್ಕಾ?"

"ಯಾವ ಡಬ್ಬಿ? ಹಾಂ, ನಿನ್ನ ಡಬ್ಬಿ! ಟ್ರಂಕಿನ್ಯಾಗ ಇತ್ತಲ್ಲ."

ಟ್ರಂಕು ಅಂಗಳದಲ್ಲಿ, ಬಿಸಿಲಲ್ಲಿತ್ತು. ತೆರೆದರೆ ಸೀರೆಗಳು, ಅಳಿಯನಿಗೆ ಕೊಡಲು ಇಟ್ಟ ಶಾಲು, ದೀಪ ಹಚ್ಚುವ ಹಿತ್ತಾಳೆಯ ಸಮೆ. ಡಬ್ಬಿ ಇಲ್ಲ. ಅಕ್ಕ ಸೀರೆಗಳನ್ನು ಒಂದೊಂದಾಗಿ ಕೊಡವಿದಳು. ಅಡುಗೆಮನೆಯ ಡಬ್ಬಿಗಳ ರಾಶಿಗೆ ಹೋದೆವು. ಅವಳ ಮನೆಯಲ್ಲಿ ಸ್ಟೀಲಿನ ಡಬ್ಬಿ ಒಂದೇ ಎರಡೇ! ಒಂದರಲ್ಲಿ ಜೀರಿಗೆ, ಇನ್ನೊಂದರಲ್ಲಿ ಹುಣಸೆಹಣ್ಣು, ಮತ್ತೊಂದರಲ್ಲಿ ಯಾವ ಕಾಲದ್ದೋ ಖಾರದ ಪುಡಿ. ಖಾರ ಮೂಗಿಗೆ ಏರಿ ಸೀನುತ್ತ, ನಗಬೇಕೋ ಅಳಬೇಕೋ ತಿಳಿಯದೆ ನಾನು ಮುಚ್ಚಳ ತೆರೆದು ತೆರೆದು ಹಾಕುತ್ತಿದ್ದೆ. ಮಾವನವರು ಅಂಗಳದ ಬೇವಿನ ನೆರಳಲ್ಲಿ, ಯಾರೋ ಕೊಟ್ಟ ಕುರ್ಚಿಯಲ್ಲಿ, ನೆಟ್ಟಗೆ ಕುಳಿತಿದ್ದರು.

ಅವರೇ ಕರೆದು ಕೇಳಿದರು. "ಸರೋಜವ್ವಾ, ಗಾಬ್ರಿ ಆಗಬ್ಯಾಡ. ಸುಣ್ಣದವರು ಬರೂ ಹಿಂದಿನ ದಿನ ನಿನ್ನ ಬಂಗಾರ ಎಲ್ಲಿ ಇಟ್ಟಿ?"

ಅಕ್ಕ ಹಣೆ ಹಣೆ ಬಡಿದುಕೊಂಡಳು. "ಜ್ವಾಳದ ಪೀಪಿಯೊಳಗ್ರಿ!"

ಮೂಲೆಯಲ್ಲಿದ್ದ ಆ ದೊಡ್ಡ ತಗಡಿನ ಪೀಪಾಯಿಗೆ ಮೊಣಕೈಯವರೆಗೆ ಕೈ ಹಾಕಿದಳು. ಮೊದಲು ಒಂದು ಬಟ್ಟೆಯ ಗಂಟು ಬಂತು. ಅವಳ ಸರ, ಬಳೆ. ಅದನ್ನು ಅತ್ತ ಒಗೆದು ಇನ್ನೂ ಕೆಳಗೆ ಹೋದಳು. ಭುಜದವರೆಗೆ ಜೋಳದಲ್ಲಿ ಮುಳುಗಿ, ಕೆನ್ನೆಯನ್ನು ಪೀಪಾಯಿಯ ಅಂಚಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ತಡಕಾಡಿದಳು. "ಸಿಕ್ತು" ಎಂದಳು. ಡಬ್ಬಿಯ ಮೇಲಿನ ಜೋಳದ ಧೂಳನ್ನು ಊದಿ ನನ್ನ ಕೈಗೆ ಕೊಡುವಾಗ ಅವಳ ಕಣ್ಣಲ್ಲಿ ನೀರಿತ್ತು. ಖಾರದ ಪುಡಿಯದೇ ಇರಬೇಕು ಎಂದು ಅವಳು ಇಂದಿಗೂ ವಾದಿಸುತ್ತಾಳೆ.

ಅವತ್ತು ಅಲ್ಲೇ ಉಳಿದು, ಮರುದಿನ ಆಳಂದದ ದಾರಿ ಹಿಡಿದೆವು. ಡಬ್ಬಿಯನ್ನು ಬಸ್ಸಿನ ಮೋಟಾರಿನಿಂದ ದೂರ, ಕೊನೆಯ ಸಾಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಕುಳಿತೆ. ಕಡಗಂಚಿ ದಾಟುವಾಗ ಬಸ್ಸು ಎತ್ತಿ ಹಾಕಿತು. ಮಾವನವರು ತಮ್ಮ ತಲೆಯ ಪೆಟ್ಟನ್ನು ಬಿಟ್ಟು ಡಬ್ಬಿಯ ಮೇಲೆ ಕೈಯಿಟ್ಟರು.

ರೇವಣಸಿದ್ಧ ನಮ್ಮನ್ನು ಕಂಡು ಎದ್ದು ನಿಂತ. ಡಿಸ್ಕಿಗೆ ಜೀವ ಬಂದಿರಲಿಲ್ಲ. ಗಡ್ಡ ಬೆಳೆದಿತ್ತು, ಹಿಂದಿನ ಹುರುಪು ಇಳಿದಿತ್ತು. ಮೊದಲ ಫ್ಲಾಪಿಯನ್ನು ತನ್ನ ಹೊಸ ಯಂತ್ರಕ್ಕೆ ಹಾಕಿದ. ಕರ್ರ್ ಎನ್ನಲಿಲ್ಲ, ಮೆತ್ತಗೆ ತಿರುಗಿತು. ಕಡತದ ಹೆಸರು ಬಂತು. ತೆರೆದ. ಪರದೆಯ ತುಂಬ ಅಕ್ಷರವಲ್ಲದ ಅಕ್ಷರಗಳು: ತಲೆಯ ಮೇಲೆ ಟೊಪ್ಪಿಗೆ ಹಾಕಿದ ಇಂಗ್ಲಿಷು, ತಲೆಕೆಳಗಾದ ಪ್ರಶ್ನೆ ಚಿಹ್ನೆ, ಚೌಕ, ಮತ್ತೆ ಚೌಕ.

"ಇದೂ ಹಾಳಾಗ್ಯಾದ" ಎಂದು ಅವನು ಪಿಸುಗುಟ್ಟಿದ.

ಮಾವನವರು ಅದನ್ನು ಕೇಳಿಸಿಕೊಂಡರು. ಊರುಗೋಲಿನ ಹಿಡಿಕೆಯ ಮೇಲೆ ಗದ್ದ ಊರಿದರು.

ನಾನು ಪರದೆಯನ್ನೇ ನೋಡುತ್ತಿದ್ದೆ. ಹಾಳಾದ ಬರಹ ಹಾಳಾದ ಹಾಗೆ ಇರಬೇಕು, ಗೊತ್ತುಗುರಿಯಿಲ್ಲದೆ. ಇಲ್ಲಿ ಅದೇ ಗುರುತುಗಳು ಅದೇ ಜೋಡಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಪ್ರತಿ ಪದದ ಮುಂದೆ ನಾನು ಹಾಕುತ್ತಿದ್ದ ಗೀಟು ತನ್ನ ಜಾಗದಲ್ಲೇ ಇತ್ತು. "ರೇವಣಸಿದ್ಧಾ, ಇದು ಹಾಳಾಗಿಲ್ಲ. ನಿಮ್ಮ ಮಷೀನಿಗೆ ಕನ್ನಡ ಬರೂದಿಲ್ಲ. ಕನ್ನಡದ ಕಾರ್ಡು ನಮ್ಮ ಮಷೀನಿನ ಪೆಟ್ಟಿಗ್ಯಾಗ ಅದ. ಅದರಾಗ ಹಾಕಿ ನೋಡ್ರಿ."

ಅವನು ಒಂದು ಬೇರೆ ಡಿಸ್ಕು ತಂದು ನಮ್ಮ ಪೆಟ್ಟಿಗೆಗೆ ಕೂಡಿಸಿ, ಹಳೆಯ ಡಾಸನ್ನೂ ಕನ್ನಡದ ತಂತ್ರಾಂಶವನ್ನೂ ಮೊದಲಿನಿಂದ ಹಾಕಿದ. ನಡುವೆ ಒಮ್ಮೆ ಎದ್ದು ಹೋಗಿ ಫ್ಯಾನಿನ ಗುಂಡಿ ಆರಿಸಿದ. ತಿರುಗುವ ಫ್ಯಾನನ್ನು ನೋಡಲು ಅವನಿಗೂ ಆಗುತ್ತಿರಲಿಲ್ಲ ಎಂದು ತೋರುತ್ತದೆ. ಆಮೇಲೆ ಫ್ಲಾಪಿ ಹಾಕಿ, ಕಡತ ತೆರೆದು, ಕುರ್ಚಿಯಿಂದ ಎದ್ದು, ಜಾಗವನ್ನು ನನಗೆ ಬಿಟ್ಟುಕೊಟ್ಟ.

ಕರಿ ಪರದೆಯ ಮೇಲೆ ಬಿಳಿಯ, ಒರಟಾದ, ದುಂಡು ದುಂಡು ಕನ್ನಡ.

ನಾನು ಮಕಾರದ ಫ್ಲಾಪಿ ಹಾಕಿಸಿ ಕೆಳಗೆ ಕೆಳಗೆ ಹೋದೆ. ಓದಿದೆ: "ಮುಚ್ಚಳಿಕೆ. ಅದರ ಮುಂದ, ಮುಜರಾ."

"ಮುಜರಾ!" ಮಾವನವರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಲೆಕ್ಕದಾಗ ಕಡಿತ ಮಾಡಿ ಕೊಡೂದು. ನಡಿ, ಮುಂದ ಓದು." ನಾನು ಓದುತ್ತ ಹೋದೆ, ಅವರು ಅರ್ಥ ಹೇಳುತ್ತ ಹೋದರು. ಒಂದೆರಡು ಪುಟವಾದ ಮೇಲೆ ನನಗೆ ಕಣ್ಣು ಮಂಜಾಗಿ ನಿಲ್ಲಿಸಿದೆ. "ಯಾಕ, ಇದೂ ಕಾಣವಲ್ತೇನು?" ಎಂದು ಅವರು ಗಾಬರಿಯಾದರು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಹಳೆಯ ವ್ಯವಸ್ಥೆ ಒಂದು ಡಿಸ್ಕಿನಲ್ಲಿ ಹಾಗೆಯೇ ಉಳಿಯಿತು. ಹೊಸದನ್ನು ರೇವಣಸಿದ್ಧ ಬೇರೆ ಡಿಸ್ಕಿನಲ್ಲಿ, ಹಳೆಯದನ್ನು ಮುಟ್ಟದೆ ಹಾಕಿಕೊಟ್ಟ. ಗೋಡೆ ಒಡೆಯದೆ ಪಕ್ಕದಲ್ಲಿ ಹೊಸ ಕೋಣೆ ಕಟ್ಟಿದಂತಾಯಿತು. ಹಳೆ ಡಾಸಿನ ಬರಹವನ್ನು ವಿಂಡೋಸಿನ ಕನ್ನಡಕ್ಕೆ ಬದಲಿಸುವ ತಂತ್ರಾಂಶವನ್ನೂ ಅವನೇ ಹುಡುಕಿ ತಂದ. ಅದು ಒತ್ತಕ್ಷರಗಳನ್ನೆಲ್ಲ ಅಲ್ಲಲ್ಲಿ ಚೆಲ್ಲಿತ್ತು. ಅವನ್ನು ಹೆಕ್ಕಿ ಹೆಕ್ಕಿ ಸ್ವಸ್ಥಾನಕ್ಕೆ ಕೂಡಿಸುವುದರಲ್ಲಿ ನನ್ನ ರಜೆ ಕಳೆಯಿತು. ನಮ್ಮ ಮನೆಯವರ ಅಯಸ್ಕಾಂತ ದನದ ದವಾಖಾನೆಗೆ ವರ್ಗವಾಯಿತು, ಮತ್ತೆ ಮನೆಗೆ ಬರಲಿಲ್ಲ. ಪುಸ್ತಕ ಮಾಡಿಸಿದೆವು. ಮೊದಲ ಪ್ರತಿಯನ್ನು ಮಾವನವರು ಅಂಗಳದ ಬಿಸಿಲಿಗೆ ಒಯ್ದು, ಮುಖದ ಹತ್ತಿರ ಹಿಡಿದು, "ಹಸರು" ಎಂದರು. ಅದು ಹಸಿರೇ ಆಗಿತ್ತು.

ವ್ಯವಸ್ಥೆ ಬದಲಿಸುವವರಿಗೆ ನಾನು ಹೇಳುವುದು ಇಷ್ಟೇ: ನಕಲು ಇಟ್ಟುಕೊಳ್ಳಿ, ಅದನ್ನು ಬೇರೆ ಊರಿನಲ್ಲಿ ಇಡಿ, ತೆರೆದು ನೋಡಿ, ಹೊಸದು ನಡೆಯುವುದು ಖಾತ್ರಿಯಾಗುವವರೆಗೆ ಹಳೆಯದನ್ನು ಕೆಡವಬೇಡಿ. ಆದರೆ ಇಷ್ಟೆಲ್ಲ ಹುಷಾರಿಯ ಲೆಕ್ಕದಲ್ಲಿ ನಾನು ಹಿಡಿದೇ ಇರದ ಒಂದು ಸಂಗತಿ ಆಮೇಲೆ ಕಂಡಿತು. ಹಳೆಯ ವ್ಯವಸ್ಥೆ ಏಳುವಾಗ ಒಂದು ಚಿಕ್ಕ ಬೀಪು, ಅಷ್ಟೇ. ಪಡಸಾಲೆಗೆ ಅದು ಕೇಳುತ್ತಿರಲಿಲ್ಲ. ನಾನು ಎಲ್ಲ ಸಿದ್ಧ ಮಾಡಿ "ಬರ್ರಿ ಮಾವಾರ" ಎಂದು ಕರೆಯುವವರೆಗೆ ಅವರು ಕಾಯುತ್ತ ಕೂರಬೇಕಾಗಿತ್ತು. ಹೊಸದು ಏಳುವಾಗ ರೇವಣಸಿದ್ಧ ತಂದ ಆ ಸ್ಪೀಕರುಗಳಲ್ಲಿ ಒಂದು ಸಣ್ಣ ಸಂಗೀತ ಹೊರಡುತ್ತಿತ್ತು. ಪರದೆಯ ಮೇಲಿನ ಬಣ್ಣ, ಚಿತ್ರ, ಕಿಟಕಿ ಎಲ್ಲವೂ ಕಣ್ಣಿದ್ದವರಿಗೆ. ಇದೊಂದು ಮಾತ್ರ ಅವರಿಗೂ.

ಪುಸ್ತಕ ಬಂದ ಮೇಲೆ ಒಂದು ಸಂಜೆ ಪ್ರಶ್ನೆಪತ್ರಿಕೆ ಮಾಡಲೆಂದು ನಾನು ಯಂತ್ರ ಹಚ್ಚಿದೆ. ಸಂಗೀತ ಕೇಳಿಸಿತು. ಪಡಸಾಲೆಯಿಂದ ಊರುಗೋಲಿನ ಸದ್ದು, ಯಾರೂ ಕರೆಯದೆಯೇ, ನಡುಮನೆ ದಾಟಿ ಒಳಕೋಣೆಗೆ ಬಂತು. ಮಾವನವರು ಕುರ್ಚಿಯ ಬೆನ್ನು ತಡವಿ ಕುಳಿತುಕೊಂಡರು, ಕಣ್ಣು ಮುಚ್ಚಿದರು.

"ಎದ್ದತಲ್ಲ ನಿನ್ನ ಮಷೀನು. ಪುಸ್ತಕದಾಗ ಬಿಟ್ಟುಹೋದಾವು ಬಾಳ ಅದಾವ. ಬರಕೋ."

ನಾನು ಪ್ರಶ್ನೆಪತ್ರಿಕೆಯನ್ನು ಮುಚ್ಚಿ, ಹೊಸ ಪುಟ ತೆರೆದೆ.